ಬೀದರಿನ ಝರಿ: ಸಿಖ್ ಧರ್ಮಕ್ಕೂ ಕನ್ನಡ ನಾಡಿಗೂ ಇರುವ ನಂಟು

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಸದ್ಭಕ್ತರಿಗೆ ಪರನಾಡಿನವರು ಬಂದು ನೆಲೆನಿಲ್ಲುವುದು ಅಪರಿಚಿತ ಸಂಗತಿಯೇನಲ್ಲ. ಆಫ್ರಿಕಾ ಮೂಲದ ಸಿದ್ದಿ ಜನರು ತಲೆಮಾರುಗಳಿಂದ ಈ ಕಾಡಿನ ಮಕ್ಕಳೇ ಆಗಿಹೋಗಿದ್ದಾರೆ. ತಾಯ್ನೆಲವನ್ನು ತೊರೆದು ಬಂದ ಟಿಬೆಟಿಯನ್ನರು 1966ರಿಂದೀಚೆಗೆ ಮುಂಡಗೋಡದ ಬಳಿ ಊರು ಕಟ್ಟಿಕೊಂಡು, ದ್ರೆಪುಂಗ್ ಮತ್ತು ಗಾಂದೆನ್ ಎಂಬ ತಮ್ಮ ಪುರಾತನ ವಿಹಾರಗಳನ್ನು ಇಲ್ಲಿಯೇ ಪುನಃ ಸ್ಥಾಪಿಸಿದ್ದಾರೆ. ಆದರೆ ಸಿಖ್ಖರೆಂದೊಡನೆ ನಮ್ಮ ಮನಸ್ಸು ಪಂಜಾಬಿನತ್ತಲೇ ಓಡುತ್ತದೆ. ಆ ಧರ್ಮದ ಇತಿಹಾಸದಲ್ಲಿ ನಮ್ಮ ನೆಲಕ್ಕೂ ಒಂದು ಪಾಲುಂಟು ಎಂಬುದನ್ನು ಬಲ್ಲವರು ವಿರಳ.

ಸಿಖ್ ಧರ್ಮದ ಮೂಲಪುರುಷರಾದ ಗುರು ನಾನಕರು 1469ರಲ್ಲಿ ತಲವಂಡಿ ಎಂಬಲ್ಲಿ ಜನಿಸಿದರು. ಆ ಊರು ಇಂದು ಪಾಕಿಸ್ತಾನದಲ್ಲಿದ್ದು, ನನಕಾನಾ ಸಾಹಿಬ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ದೇವನೊಬ್ಬನೇ, ದುಡಿದು ಉಣ್ಣಬೇಕು, ಹಂಚಿ ಉಣ್ಣಬೇಕು, ಸದಾ ನಾಮಸ್ಮರಣೆ ಮಾಡಬೇಕು ಎಂಬುದು ಅವರ ಬೋಧೆಯ ಸಾರ. ಈ ಬೋಧೆಯನ್ನು ಹೊತ್ತು ಅವರು ದೂರದೂರದ ನಾಡುಗಳನ್ನು ಸಂಚರಿಸಿದರು. ದಕ್ಷಿಣದ ಸಂಚಾರದಲ್ಲಿ, 16ನೆಯ ಶತಮಾನದ ಆದಿಭಾಗದಲ್ಲಿ, ಅವರು ಬೀದರಿಗೆ ಬಂದರೆಂದು ಸಿಖ್ ಪರಂಪರೆ ಹೇಳುತ್ತದೆ. ಬಹಮನಿ ಅರಸರ ವೈಭವ ಆಗ ಅಸ್ತಮಿಸುತ್ತಿದ್ದ ಕಾಲ.

ಬೀದರು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿರುವ ಊರು. ಕಲ್ಲನ್ನು ಕೊರೆದು ನೆಲದಡಿಯ ಕಾಲುವೆಗಳಲ್ಲಿ ನೀರು ಹರಿಸುವ ಕಾರೇಜ್ ಎಂಬ ಏರ್ಪಾಟನ್ನು ಅಲ್ಲಿ ಬಹಮನಿ ಕಾಲದಲ್ಲಿ ಮಾಡಿದ್ದರೆಂಬುದೇ ಆ ಊರಿನಲ್ಲಿ ನೀರಿಗಿದ್ದ ಬೆಲೆಯನ್ನು ತಿಳಿಸುತ್ತದೆ. ಊರ ಹೊರಗೆ ಮುಸಲ್ಮಾನ ಫಕೀರರು ವಾಸವಾಗಿದ್ದ ಎಡೆಯಲ್ಲಿ ಗುರುಗಳು ತಂಗಿದರಂತೆ. ಕುಡಿಯಲು ಸಿಹಿನೀರಿಲ್ಲವೆಂದು ಜನ ತೋಡಿಕೊಳ್ಳಲು, ಗುರುಗಳು ತಮ್ಮ ಪಾದದಿಂದ ಕಲ್ಲೊಂದನ್ನು ಸರಿಸಲಾಗಿ ಅಲ್ಲಿಂದ ತಿಳಿನೀರು ಚಿಮ್ಮಿತೆಂಬುದು ಐತಿಹ್ಯ. ಆ ಝರಿ ಇಂದಿಗೂ ಹರಿಯುತ್ತಿದೆ. ಅದರ ನೀರು ಅಮೃತಕುಂಡವೆಂಬ ಕೊಳದಲ್ಲಿ ಸಂಗ್ರಹವಾಗುತ್ತದೆ. ಅದರ ಬಳಿಯಲ್ಲಿಯೇ ನಾನಕ್ ಝೀರಾ ಸಾಹಿಬ್ ಗುರುದ್ವಾರವಿದೆ. ಐತಿಹ್ಯವನ್ನು ನಂಬುವವರು ನಂಬಲಿ, ಶೋಧಿಸುವವರು ಶೋಧಿಸಲಿ. ಬಾಯಾರಿದವರ ಮತವನ್ನು ಕೇಳದೆ ನೀರು ಕೊಟ್ಟರೆಂಬ ಅದರ ತಿರುಳು ಮಾತ್ರ ಎಲ್ಲರಿಗೂ ಮಾನ್ಯವಾದುದು.

ನಾನಕರ ಬಳಿಕ ಒಂಬತ್ತು ಮಂದಿ ಗುರುಗಳು ಆ ಪಂಥವನ್ನು ಮುನ್ನಡೆಸಿದರು. ಐದನೆಯವರಾದ ಅರ್ಜನ ದೇವರು 1604ರಲ್ಲಿ ಆದಿಗ್ರಂಥವನ್ನು ಸಂಕಲಿಸಿದರು. ಅದರಲ್ಲಿ ಗುರುಗಳ ವಾಣಿಯೊಡನೆ ನೇಕಾರ ಕಬೀರ, ಚಮ್ಮಾರ ರವಿದಾಸ, ದರ್ಜಿ ನಾಮದೇವ, ಸೂಫಿ ಸಂತ ಶೇಖ್ ಫರೀದರ ವಾಣಿಗೂ ಸ್ಥಾನವಿತ್ತುದು ಅವರ ಹಿರಿಮೆ. ಎರಡು ವರ್ಷಗಳಲ್ಲಿಯೇ ಅವರು ಮೊಗಲರ ಸೆರೆಯಲ್ಲಿ ಬಲಿಯಾದರು. ಒಂಬತ್ತನೆಯವರಾದ ತೇಗ ಬಹಾದೂರರ ಶಿರಚ್ಛೇದ 1675ರಲ್ಲಿ ದೆಹಲಿಯಲ್ಲಿ ನಡೆಯಿತು.

ಅವರ ಪುತ್ರ ಗುರು ಗೋವಿಂದ ಸಿಂಗರು 1699ರ ಬೈಸಾಖಿಯಂದು ಆನಂದಪುರದಲ್ಲಿ ಜನಸ್ತೋಮದ ನಡುವೆ ನಿಂತು, ತಲೆ ಕೊಡಬಲ್ಲವರು ಯಾರೆಂದು ಕೇಳಿದರು. ಒಬ್ಬರ ಹಿಂದೊಬ್ಬರಂತೆ ಐವರು ಎದ್ದರು. ಲಾಹೋರಿನ ದಯಾರಾಮ, ಹಸ್ತಿನಾಪುರದ ಧರ್ಮದಾಸ, ದ್ವಾರಕೆಯ ಮೋಹಕಮ ಚಂದ, ಜಗನ್ನಾಥಪುರಿಯ ಹಿಮ್ಮತ ರಾಯ. ಐದನೆಯವನು ಬೀದರಿನ ಸಾಹಿಬ ಚಂದ. ಪರಂಪರೆಯ ಪ್ರಕಾರ ಆತನು ಕ್ಷೌರಿಕ ವೃತ್ತಿಯ ಮನೆತನದವನು. ಖಾಲ್ಸಾ ದೀಕ್ಷೆಯಿಂದ ಆತನು ಭಾಯಿ ಸಾಹಿಬ ಸಿಂಗನಾದನು. ದೀಕ್ಷೆಯನ್ನಿತ್ತ ಗುರುವೇ ಆ ಐವರ ಮುಂದೆ ಕೈಮುಗಿದು ನಿಂತು, ಅವರಿಂದ ತಾನೂ ದೀಕ್ಷೆ ಪಡೆದನೆಂಬುದು ಧರ್ಮಗಳ ಇತಿಹಾಸದಲ್ಲಿಯೇ ಅಪೂರ್ವವಾದ ಘಟನೆ. ಕ್ಷೌರಿಕನ ಕೈಯಿಂದ ಗುರು ಅಮೃತ ಸ್ವೀಕರಿಸಿದ ಮೇಲೆ ಕುಲದ ಮಾತಿಗೆ ಎಡೆಯೆಲ್ಲಿ? ಸಾಹಿಬ ಸಿಂಗನು ಮುಂದೆ ಚಮಕೌರಿನ ಕಾಳಗದಲ್ಲಿ ಪ್ರಾಣಾರ್ಪಣೆ ಮಾಡಿದನು.

ಬೀದರಿಗೆ ಸಮೀಪದ ಜನವಾಡವೂ ಸ್ಮರಣೀಯವಾದುದು. ಗುರುವನ್ನು ತೊರೆದು ಮನೆಗೆ ಮರಳಿದ್ದ ನಲವತ್ತು ಮಂದಿಯನ್ನು ಜರೆದು, ಅವರನ್ನು 1705ರಲ್ಲಿ ಖಿದ್ರಾಣಾದ ಯುದ್ಧಕ್ಕೆ ಕರೆದೊಯ್ದ ವೀರಮಾತೆ ಮಾಯಿ ಭಾಗೋ. 1708ರಲ್ಲಿ ಗೋವಿಂದ ಸಿಂಗರು ನಾಂದೇಡದಲ್ಲಿ ದೇಹವಿಟ್ಟ ಬಳಿಕ ಈ ತಾಯಿ ಜನವಾಡಕ್ಕೆ ಬಂದು, ಧ್ಯಾನದಲ್ಲಿ ಕೊನೆಯ ದಿನಗಳನ್ನು ಕಳೆದರೆಂದು ಪ್ರತೀತಿ. ಅಲ್ಲಿಯೂ ಗುರುದ್ವಾರವಿದೆ.

ಸಿಖ್ಖರ ಬಾಳು ಹೊರನಾಡಿನಲ್ಲಿಯೂ ಹೂವಿನ ಹಾಸಿಗೆಯಾಗಿರಲಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಊರಿನಲ್ಲಿ ಅವರು 1912ರಲ್ಲಿ ಗುರುದ್ವಾರ ಕಟ್ಟಿ, ಬಂದವರಿಗೆಲ್ಲ ಅನ್ನವಿಟ್ಟರು. ಆದರೆ 1914ರಲ್ಲಿ 376 ಮಂದಿ ಭಾರತೀಯರನ್ನು, ಅವರಲ್ಲಿ ಬಹುತೇಕ ಸಿಖ್ಖರನ್ನು, ಹೊತ್ತು ಹೋದ ಕೋಮಾಗಾಟಾ ಮಾರು ಹಡಗು ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ಕಾದರೂ, ಕೆಲವರ ಹೊರತು ಯಾರಿಗೂ ದಡ ದೊರೆಯಲಿಲ್ಲ. ಹಿಂದಿರುಗಿದವರ ಮೇಲೆ ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಗುಂಡು ಹಾರಿತು. ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಯಾಚಿಸಿದ್ದು 2016ರಲ್ಲಿ.

ಪರದೇಶದವರ ತಪ್ಪನ್ನು ಎತ್ತಿ ತೋರುವುದು ಸುಲಭ. ಆದರೆ 1988ರ ಸೆಪ್ಟೆಂಬರಿನಲ್ಲಿ, ಝರಿ ಹರಿಯುವ ಅದೇ ಬೀದರಿನಲ್ಲಿ, ಓದಲೆಂದು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಗಲಭೆಯಲ್ಲಿ ಹತರಾದರು. ನೀರು ಕೊಟ್ಟ ಗುರುವಿನ ಮಕ್ಕಳಿಗೆ ಆ ಊರಿನಲ್ಲಿಯೇ ರಕ್ಷಣೆ ದೊರೆಯಲಿಲ್ಲ. ಈ ಪುಟವನ್ನು ಬಿಟ್ಟು ಬರೆದರೆ ಅದು ಇತಿಹಾಸವಾಗದು.

ಬಸವಣ್ಣನವರ ಕಲ್ಯಾಣವೂ ಬೀದರ ಜಿಲ್ಲೆಯಲ್ಲಿಯೇ ಇದೆ. ಕಾಲ ಬೇರೆ, ಭಾಷೆ ಬೇರೆ, ಮಾರ್ಗವೂ ಬೇರೆ. ಆದರೂ ಕಾಯಕ–ದಾಸೋಹಗಳನ್ನು ಬಲ್ಲವರಿಗೆ ದುಡಿದು ಹಂಚಿ ಉಣ್ಣುವ ಸಿಖ್ಖರ ಲಂಗರು ಅನ್ಯವೆನಿಸಲಾರದು. ಝೀರಾ ಸಾಹಿಬ್‌ಗೆ ಹೋದ ಯಾವ ಯಾತ್ರಿಕನನ್ನೂ ಜಾತಿ ಕೇಳದೆ ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಕಲ್ಯಾಣದ ದರ್ಶನಕ್ಕೆಂದು ಹೋಗುವ ನಮ್ಮ ಭಕ್ತರು ಬೀದರಿಗೂ ಹೋಗಿ, ಆ ಝರಿಯ ಬೊಗಸೆ ನೀರನ್ನು ಕುಡಿದು, ಆ ಪಂಕ್ತಿಯಲ್ಲಿ ಕುಳಿತು ಉಂಡು ಬರಲಿ. ಬಂದವರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬ ಪಾಠ ಅಲ್ಲಿ ಸಿಗುತ್ತದೆ.