ಬೆಳಕಿಂಡಿಯಿಂದ ಇಳಿದ ತಂತಿ

ನಮ್ಮೂರು ಅಮೀನಗಡದಲ್ಲಿ ‘ಲೋ ವೋಲ್ಟೇಜ್’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಲದ ಪಂಪುಗಳೆಲ್ಲ ಒಟ್ಟಿಗೇ ಶುರುವಾದಾಗ ಟ್ಯೂಬ್‌ಲೈಟು ಎರಡೂ ತುದಿಗೆ ಕೆಂಪಗೆ ಮಿಣುಕಿ, ಹೊತ್ತಿಕೊಳ್ಳಲಾರದೆ ಒದ್ದಾಡುತ್ತದೆಯಲ್ಲ, ಫ್ಯಾನು ಗಾಣದಂತೆ ತಿರುಗುತ್ತದೆಯಲ್ಲ, ಅದು. ಹೀಗಾಗಿ ಹೊಸ ಮನೆಯ ನಕ್ಷೆಗಳ ಜೊತೆಗೆ ‘ಲೋ ವೋಲ್ಟೇಜ್ ಪ್ಲಾನ್’ ಎಂಬ ಬೇರೊಂದು ಹಾಳೆಯನ್ನು ನಾನು ಹರಡಿದಾಗ ಅವ್ವ ಕೇಳಿದ್ದು ನ್ಯಾಯವಾಗಿಯೇ ಇತ್ತು: “ಲೋ ವೋಲ್ಟೇಜ್ ಬ್ಯಾಡಂತ ಊರ ಮಂದಿ ಅರ್ಜಿ ಕೊಡ್ತಾರ. ನೀ ಅದಕ್ಕ ರೊಕ್ಕ ಕೊಟ್ಟು ಪೈಪ್ ಹಾಕಸಾಕತ್ತೀಯಲ್ಲ?”

ಎಂಜಿನಿಯರುಗಳ ಭಾಷೆಯೇ ಇಲ್ಲಿ ಸ್ವಲ್ಪ ಗೋಜಲು. ಮಾನಕಗಳ ಪುಸ್ತಕದ ಪ್ರಕಾರ ಮನೆಗೆ ಬರುವ 230 ವೋಲ್ಟೇ ‘ಲೋ’. ಅದಕ್ಕೂ ಕೆಳಗೆ, ಎ.ಸಿ. ಆದರೆ 50 ವೋಲ್ಟಿನೊಳಗೆ, ಡಿ.ಸಿ. ಆದರೆ 120ರೊಳಗೆ ಇರುವುದಕ್ಕೆ ‘ಎಕ್ಸ್‌ಟ್ರಾ ಲೋ’ ಎಂದು ಹೆಸರು. ಆದರೆ ಮನೆ ಕಟ್ಟುವವರು ಫೋನು, ಟಿವಿ, ಇಂಟರ್ನೆಟ್, ಕ್ಯಾಮೆರಾ, ಕರೆಗಂಟೆಯ ತಂತಿಗಳನ್ನೆಲ್ಲ ಒಟ್ಟುಗೂಡಿಸಿ ‘ಲೋ ವೋಲ್ಟೇಜ್’ ಅಂದುಬಿಡುತ್ತಾರೆ. ನಾನು ಅವ್ವನಿಗೆ ‘ಸಣ್ಣ ಕರೆಂಟು’ ಎಂದು ಹೇಳಿದೆ. ದೊಡ್ಡ ಕರೆಂಟು ದುಡಿಯುತ್ತದೆ: ನೀರೆತ್ತುತ್ತದೆ, ಹಿಟ್ಟು ಬೀಸುತ್ತದೆ. ಸಣ್ಣದು ಸುದ್ದಿ ಹೊತ್ತು ತರುತ್ತದೆ.

ದೊಡ್ಡದರ ಚರಿತ್ರೆ ಶಾಲೆಯ ಪುಸ್ತಕದಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಅದೆಲ್ಲ ಮೈಸೂರು ಸಂಸ್ಥಾನದ ಭಾಗ್ಯ. ಅಮೀನಗಡ 1956ರವರೆಗೆ ಮುಂಬಯಿ ಆಡಳಿತದ ಬಿಜಾಪುರ ಜಿಲ್ಲೆಯಲ್ಲಿತ್ತು; ಮೈಸೂರಿನ ಬೆಳಕು ಇತ್ತ ಹಾಯುವ ದಾರಿಯೇ ಇರಲಿಲ್ಲ. ಆದರೆ ಸಣ್ಣ ಕರೆಂಟು ಈ ದೇಶಕ್ಕೆ ದೊಡ್ಡದಕ್ಕಿಂತ ಅರ್ಧ ಶತಮಾನ ಮೊದಲೇ ಬಂದಿತ್ತು ಎನ್ನುವುದನ್ನು ನಾವು ಮರೆಯುತ್ತೇವೆ. ಓಶೌಗ್ನೆಸ್ಸಿ ಎಂಬ ಐರಿಷ್ ವೈದ್ಯ 1850ರ ಸುಮಾರಿಗೆ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿನ ಕಡೆಗೆ ಎಳೆಸಿದ ಟೆಲಿಗ್ರಾಫ್ ತಂತಿಯಿಂದ ಅದು ಶುರು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಂತಾಗ ಅದಕ್ಕೆ ನೂರಾ ಅರವತ್ತು ವರ್ಷದಷ್ಟು ವಯಸ್ಸಾಗಿತ್ತು. ಕನ್ನಡದಲ್ಲಿ ತಂತಿಗೂ, ಅದು ಹೊತ್ತು ತರುವ ಸುದ್ದಿಗೂ ಒಂದೇ ಹೆಸರು. “ತಂತಿ ಬಂತು” ಅಂದರೆ ಓದುವ ಮೊದಲೇ ಅಳುವ ಕಾಲವೊಂದಿತ್ತು.

ಟೆಲಿಗ್ರಾಫಿನ ತಂತಿ ಊರಿನ ಅಂಚೆ ಕಚೇರಿಯಲ್ಲೇ ನಿಲ್ಲುತ್ತಿತ್ತು, ಮನೆಯೊಳಗೆ ಬರುತ್ತಿರಲಿಲ್ಲ. ಬಂದದ್ದು ಬಹಳ ತಡವಾಗಿ. ಹೇಗೆ ಬಂತು ಎನ್ನುವುದು ನನಗೆ ಸ್ಪಷ್ಟವಾದದ್ದು ಹಳೆಯ ಮನೆ ಬಿಚ್ಚುವಾಗ.

ನಮ್ಮದು ಮಾಳಿಗೆ ಮನೆ. ಎರಡು ಮೊಳ ದಪ್ಪದ ಕಲ್ಲು-ಮಣ್ಣಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಸವುಳು ಮಣ್ಣಿನ ಹೊದಿಕೆ. ಕಿಟಕಿ ಕಡಿಮೆ. ಬೆಳಕು ಬರುವುದು, ಒಲೆಯ ಹೊಗೆ ಹೋಗುವುದು ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದರ ಮೇಲೊಂದು ಗಡಿಗೆ ಬೋರಲು ಹಾಕಬೇಕು.

ಇಂಥ ಮನೆ ಯೋಚನೆಯಿಲ್ಲದೆ ಕಟ್ಟಿದ್ದು ಅಂದುಕೊಳ್ಳಬೇಡಿ. ಕಾಳು ತುಂಬುವ ಹಗೇವು ಎಲ್ಲಿ ಎನ್ನುವುದು ನೆಲ ಹಾಕುವ ಮೊದಲೇ ತೀರ್ಮಾನವಾಗುತ್ತಿತ್ತು. ದೀಪದ ಮಾಡ ಯಾವ ಎತ್ತರಕ್ಕೆ, ಬೀಸುವ ಕಲ್ಲು ಎಲ್ಲಿ, ದನ ಕಟ್ಟುವ ಗೂಟ ಎಲ್ಲಿ, ಎಲ್ಲವೂ. ಸೂಳೇಭಾವಿ, ಕಮತಗಿ, ಇಳಕಲ್ಲಿನ ನೇಕಾರರ ಮನೆಗಳಲ್ಲಂತೂ ಕುಣಿ ಮಗ್ಗದ ಗುಂಡಿಯೇ ಮೊದಲು, ಉಳಿದ ಮನೆ ಅದರ ಸುತ್ತ. ಮಗ್ಗಕ್ಕೆ ಬೆಳಕು ಯಾವ ಕಡೆಯಿಂದ ಬೀಳಬೇಕು ಎಂದು ಕೇಳದೆ ಗೋಡೆ ಎತ್ತುತ್ತಿರಲಿಲ್ಲ. ಹತ್ತಿರದ ಐಹೊಳೆಗೆ ಹೋದವರು ಲಾಡಖಾನ್ ಗುಡಿಯ ಮಾಳಿಗೆಯನ್ನು ಒಮ್ಮೆ ನೋಡಿ: ಚಪ್ಪಡಿಗಳ ಸಂದಿಯಲ್ಲಿ ನೀರು ಇಳಿಯಬಾರದೆಂದು ಮರದ ದಿಮ್ಮಿಯ ಹಾಗೆ ಕಡೆದ ಕಲ್ಲಿನ ಪಟ್ಟಿಗಳನ್ನು ಉದ್ದಕ್ಕೂ ಹೊದಿಸಿದ್ದಾರೆ. ಕಟ್ಟಿದ ಮೇಲೆ ಹೊಳೆಯುವ ಉಪಾಯವಲ್ಲ ಅದು.

ತಂತಿಯೊಂದಕ್ಕೆ ಮಾತ್ರ ಈ ಮನೆಗಳಲ್ಲಿ ಜಾಗವಿರಲಿಲ್ಲ. ಅದು ಕರೆಯದೆ ಬಂದ ನೆಂಟ. ಬೇರೆ ಯಾವುದಕ್ಕೋ ಬಿಟ್ಟ ತೂತಿನಿಂದ ನುಸುಳಿತು.

ಮನೆ ಬಿಚ್ಚುವಾಗ ಗೋಡೆ, ತೊಲೆ, ಬಾಗಿಲುವಾಡಗಳಿಂದ ಕಿತ್ತ ತಂತಿಗಳನ್ನೆಲ್ಲ ನಾನು ಒಂದು ಬುಟ್ಟಿಗೆ ಹಾಕಿಟ್ಟಿದ್ದೆ. ಮೇಸ್ತ್ರಿ ತಾಮ್ರ ಮಾರುತ್ತಾನೇನೋ ಅಂದುಕೊಂಡ. ಆ ಬುಟ್ಟಿ ನಮ್ಮ ಮನೆಯ ಐವತ್ತು ವರ್ಷದ ದಫ್ತರ. ಮೊದಲನೆಯದು ಮರದ ಪಟ್ಟಿಗೆ ತಗಡಿನ ಕ್ಲಿಪ್ಪಿನಿಂದ ಹಿಡಿಸಿದ ದೀಪದ ತಂತಿ, ಅಂದರೆ ದೊಡ್ಡ ಕರೆಂಟಿನದು. ಅದನ್ನು ಬದಿಗಿಡೋಣ. ಎರಡನೆಯದು ರಿಬ್ಬನ್ನಿನ ಹಾಗೆ ಚಪ್ಪಟೆಯಾದ, ಎರಡು ಅಂಚಿಗೆ ಎರಡು ಎಳೆಯಿದ್ದ ಕಂದು ತಂತಿ. ಟಿವಿ ಆಂಟೆನಾದ್ದು.

ಟಿವಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಹಿರಿಮೆಯಿದೆ, ಇಲ್ಲಿನವರೇ ಮರೆತದ್ದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೊ ‘ಸೈಟ್’ ಎಂಬ ಪ್ರಯೋಗ ಮಾಡಿತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಆಕಾಶದಿಂದ ನೇರ ಟಿವಿ. ಕರ್ನಾಟಕದಲ್ಲಿ ಆಯ್ದುಕೊಂಡದ್ದು ಗುಲ್ಬರ್ಗ, ರಾಯಚೂರು ಮತ್ತು ಆಗ ಅಮೀನಗಡವೂ ಸೇರಿದ್ದ ಬಿಜಾಪುರ ಜಿಲ್ಲೆಗಳನ್ನು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಬುಟ್ಟಿ, ಅದರಿಂದ ಇಳಿದ ತಂತಿ, ಎಲ್ಲರೂ ಕೂಡುವ ಜಾಗದಲ್ಲೊಂದು ಪೆಟ್ಟಿಗೆ, ಬೇಸಾಯ-ಆರೋಗ್ಯ-ಶಾಲೆಯ ಪಾಠ. ಬೆಂಗಳೂರಿನ ಮನೆಗಳಿಗೆ ದೂರದರ್ಶನ ಬರುವುದಕ್ಕೂ ಮೊದಲೇ ಬಿಜಾಪುರದ ರೈತರು ಕನ್ನಡದಲ್ಲಿ ಟಿವಿ ನೋಡಿದ್ದರು. ವರ್ಷ ಮುಗಿಯಿತು, ಉಪಗ್ರಹ ಹೋಯಿತು, ಪರದೆ ಕಪ್ಪಾಯಿತು.

ಅದು ಚಾವಡಿಯ ಟಿವಿ. ಮನೆಯ ಟಿವಿಗಾಗಿ ಹತ್ತು-ಹನ್ನೆರಡು ವರ್ಷ ಕಾಯಬೇಕಾಯಿತು. 1987ರ ಜನವರಿಯಲ್ಲಿ ‘ರಾಮಾಯಣ’ ಶುರುವಾದಾಗ ಭಾನುವಾರದ ಬೆಳಿಗ್ಗೆ ಟಿವಿ ಇದ್ದ ಮನೆಯ ಪಡಸಾಲೆ ಗುಡಿಯಾಗುತ್ತಿತ್ತು. ಆಂಟೆನಾ ಮಾಳಿಗೆಯ ಮೇಲೆ, ಟಿವಿ ಪಡಸಾಲೆಯಲ್ಲಿ. ನಡುವೆ ಎರಡು ಮೊಳ ಮಣ್ಣು. ತಂತಿ ಇಳಿಯಲು ಇದ್ದ ದಾರಿ ಒಂದೇ, ಬೆಳಕಿಂಡಿ. ಹೊಗೆ ಏರುವ ತೂತಿನಿಂದಲೇ ಚಪ್ಪಟೆ ತಂತಿ ಇಳಿಯಿತು. ಗಡಿಗೆ ಸರಿಯಾಗಿ ಕೂಡದಾಯಿತು; ಆ ಮಳೆಗಾಲವಿಡೀ ಪಡಸಾಲೆಯಲ್ಲಿ ತಟ್ಟೆ ಇಟ್ಟು ಹನಿ ಹಿಡಿದೆವು. ಯಾರೂ ಗೊಣಗಲಿಲ್ಲ. ನಂತರ ಅದೇ ದಾರಿಯಲ್ಲಿ ದುಂಡನೆಯ ಕಪ್ಪು ಕೋಆಕ್ಸಿಯಲ್ ತಂತಿ ಬಂತು, ಕೇಬಲ್ಲಿನವರದ್ದು, ಆಮೇಲೆ ಡಿಶ್ಶಿನದ್ದು. ಬುಟ್ಟಿಯಲ್ಲಿ ಅವೇ ಹೆಚ್ಚು.

ಟೆಲಿಫೋನಿನ ಬೂದು ಜೋಡಿ ತಂತಿ ಬಾಗಿಲುವಾಡ ಕೊರೆದು ಬಂದಿತ್ತು. ಸಾಗವಾನಿಯ ವಾಡಕ್ಕೆ ತೂತು ಹಾಕಿದ್ದಕ್ಕೆ ಅಜ್ಜ ಎರಡು ದಿನ ಮಾತಾಡಲಿಲ್ಲ. ಹಳ್ಳಿಗೆ ಫೋನು ಬಂದ ಕತೆಯಲ್ಲೂ ನಮ್ಮ ಸೀಮೆಯ ಹೆಸರಿದೆ. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ದಾರಿಗಳ ಚಿಕ್ಕ ವಿನಿಮಯ ಕೇಂದ್ರವೊಂದನ್ನು ರೂಪಿಸಿತು. ಧೂಳು, ಬಿಸಿಲು ತಡೆಯಬೇಕು, ಹವಾನಿಯಂತ್ರಣ ಕೇಳಬಾರದು ಎನ್ನುವುದು ಅದರ ಷರತ್ತು. ಮೊದಲನೆಯದನ್ನು 1986ರಲ್ಲಿ ಇಟ್ಟದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಕಿತ್ತೂರಿನ ಬಗ್ಗೆ ಬರೆಯುವವರು 1824ಕ್ಕೇ ನಿಂತುಬಿಡುತ್ತಾರೆ. ನನಗೆ 1986 ಕೂಡ ಅಷ್ಟೇ ಮುಖ್ಯ. ಮಗ ಮುಂಬಯಿಗೆ ಹೋದ ತಾಯಂದಿರು ಟ್ರಂಕ್‌ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುವುದು ತಪ್ಪಿದ್ದು ಆ ಪೆಟ್ಟಿಗೆಗಳಿಂದ.

ಆ ಬೂದು ತಂತಿಗೆ ಒಂದು ಗುಣವಿತ್ತು. ಅದರಲ್ಲಿ 48 ವೋಲ್ಟು ಸದಾ ಇರುತ್ತಿತ್ತು, ವಿನಿಮಯ ಕೇಂದ್ರದ ಬ್ಯಾಟರಿಯಿಂದ. ಗಂಟೆ ಬಾರಿಸುವಾಗ ಮಾತ್ರ ಎಪ್ಪತ್ತೈದು ದಾಟುತ್ತಿತ್ತು. ಬರಿಗೈಲಿ ತಂತಿ ಹಿಡಿದ ಲೈನ್‌ಮನ್‌ನನ್ನು ಕೇಳಿ. ಹೀಗಾಗಿ ಊರಿಗೆ ಊರೇ ಕತ್ತಲಾದರೂ ಫೋನು ಜೀವಂತ. ಇಂದಿನ ಗಾಜಿನ ಎಳೆ, ಅಂದರೆ ಆಪ್ಟಿಕಲ್ ಫೈಬರ್, ಒಯ್ಯುವುದು ಬೆಳಕನ್ನು, ಕರೆಂಟನ್ನಲ್ಲ. ಸಿಡಿಲು ಅದರ ಗುಂಟ ಹರಿದುಬಂದು ಉಪಕರಣ ಸುಡುವುದಿಲ್ಲ ಎನ್ನುವುದು ಲಾಭ. ಆದರೆ ಮನೆಯಲ್ಲಿ ಕರೆಂಟು ಹೋದರೆ ಗೋಡೆಯ ಪೆಟ್ಟಿಗೆಯೂ ಸಾಯುತ್ತದೆ, ಅದರೊಂದಿಗೆ ಫೋನೂ. ಎಂಬತ್ತು ದಾಟಿದ ಒಂಟಿ ಹೆಂಗಸಿರುವ ಮನೆಗೆ ಇದು ಸಣ್ಣ ಮಾತಲ್ಲ. ಅವ್ವ ಊರು ಬಿಟ್ಟು ಬರುವವಳಲ್ಲ. ಮಕ್ಕಳು ಮೂವರೂ ಹೊರಗೆ. ಈ ಮನೆ ಕಟ್ಟುತ್ತಿರುವುದೇ ಅವಳಿಗಾಗಿ; ಮಣ್ಣಿನ ಮಾಳಿಗೆಗೆ ಪ್ರತಿ ವರ್ಷ ಮಣ್ಣು ಹಾಕುವ ಕೈಗಳು ಈಗ ಊರಲ್ಲಿಲ್ಲ.

ಬುಟ್ಟಿಯ ಲೆಕ್ಕ ಹೀಗೆ: ಗೋಡೆ ಮೂರು ತಲೆಮಾರು ಬಾಳಿತು, ಯಾವ ತಂತಿಯೂ ಹದಿನೈದು-ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬಾಳಲಿಲ್ಲ. ಹಾಗಾದರೆ ಬೆಂಗಳೂರಿನಿಂದ ಬಂದ ನಕ್ಷೆಯಲ್ಲಿದ್ದ ಹಾಗೆ ಪ್ರತಿ ಕೋಣೆಗೆ ಇಂತಿಂಥ ತಂತಿ ಎಂದು ಇವತ್ತೇ ಹೂತುಬಿಡುವುದು ಅವಸರದ ಬುದ್ಧಿ. ಹೂಳಬೇಕಾದದ್ದು ದಾರಿಯನ್ನು. 25 ಮಿಲಿಮೀಟರಿನ ಪಿವಿಸಿ ಪೈಪು, ಪ್ರತಿ ಕೋಣೆಯಿಂದ ಒಂದೇ ಜಾಗಕ್ಕೆ. ಒಂದರಿಂದ ಇನ್ನೊಂದಕ್ಕೆ ಸರಪಳಿಯ ಹಾಗಲ್ಲ, ಚಕ್ರದ ಅರೆಗಳ ಹಾಗೆ. ಎರಡು ಡಬ್ಬಿಗಳ ನಡುವೆ ಎರಡಕ್ಕಿಂತ ಹೆಚ್ಚು ತಿರುವು ಬೇಡ, ಆಮೇಲೆ ತಂತಿ ಎಳೆಯಲು ಬರುವುದಿಲ್ಲ. ಇಂಥ ಪೈಪಿನಲ್ಲಿ ನಾಲ್ಕು ಕ್ಯಾಟ್-6 ತಂತಿ ಆರಾಮವಾಗಿ ಹೋಗುತ್ತವೆ. ಪೈಪಿನ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇರಲಿ. ಪ್ರತಿಯೊಂದರೊಳಗೂ ಒಂದು ನೈಲಾನ್ ದಾರ. 230 ವೋಲ್ಟಿನ ಪೈಪು ಪಕ್ಕದಲ್ಲೇ ಸಾಗುವುದಾದರೆ ಒಂದಡಿ ದೂರ, ದಾಟಲೇಬೇಕಾದರೆ ನೇರ ಅಡ್ಡಲಾಗಿ. ಸದ್ದು-ಗದ್ದಲ ಸೇರಿಕೊಳ್ಳುತ್ತದೆ ಎನ್ನುವುದು ಎರಡನೆಯ ಕಾರಣ. ಮೊದಲನೆಯದು, ದೊಡ್ಡದು ಸಣ್ಣದನ್ನು ಮುಟ್ಟಿದರೆ ಫೋನು ಹಿಡಿದವರ ಗತಿ ಏನು ಎನ್ನುವುದು. ನಮ್ಮ ಎಲೆಕ್ಟ್ರಿಷಿಯನ್ ಎರಡನ್ನೂ ಒಂದೇ ಪೈಪಿಗೆ ತುರುಕಲು ಹೊರಟಿದ್ದ. “ಎಲ್ಲಾರೂ ಹಂಗ ಮಾಡ್ತಾರ್ರೀ” ಅಂದ. ಎಲ್ಲರೂ ಮಾಡುತ್ತಾರೆ, ನಿಜ.

ಈಗ ಎಳೆದದ್ದು ಮೂರೇ ತಂತಿ, ಮೂರೂ ಪೂರ್ತಿ ತಾಮ್ರದವು. ಅಲ್ಯುಮಿನಿಯಮ್ಮಿಗೆ ತಾಮ್ರ ಬಳಿದದ್ದನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗಿನ ಬೆಳ್ಳಗಿನದು ಕಾಣುತ್ತದೆ. ‘ಎಲ್ಲಾ ವೈಫೈ ಇರುವಾಗ ತಂತಿ ಯಾಕೆ’ ಎಂದು ಕೇಳುವವರಿದ್ದಾರೆ. ನಾವು ಹಳೆಯ ಮನೆಯ ಕಲ್ಲನ್ನೇ ಕೆಳಗಿನ ಗೋಡೆಗಳಿಗೆ ಬಳಸಿದ್ದೇವೆ. ಆ ಕಲ್ಲಿನ ಆಚೆ ವೈಫೈ ಕುಂಟುತ್ತದೆ. ಗೇಟಿನ ಕ್ಯಾಮೆರಾಕ್ಕೆ ಸುದ್ದಿಯೂ ಶಕ್ತಿಯೂ ಒಂದೇ ತಂತಿಯಲ್ಲಿ ಹೋಗುತ್ತವೆ. 2003ರಲ್ಲಿ ಮಾನಕವಾದ ಈ ವ್ಯವಸ್ಥೆಯಲ್ಲಿ ಇರುವುದೂ 48ರ ಆಸುಪಾಸಿನ ವೋಲ್ಟೇ, ಹಳೆಯ ಫೋನಿನದ್ದೇ. ಪೆಟ್ಟಿಗೆಗಳೆಲ್ಲ ಇರುವ ಗೂಡಿಗೆ ಒಂದು ಚಿಕ್ಕ ಬ್ಯಾಟರಿ ಇಟ್ಟರೆ ಊರು ಕತ್ತಲಾದಾಗಲೂ ಅವ್ವನ ಫೋನು, ಗೇಟಿನ ಕಣ್ಣು ಎರಡೂ ಉಳಿಯುತ್ತವೆ.

ಕ್ಯಾಮೆರಾದ ವಿಷಯದಲ್ಲಿ ಮಾತ್ರ ಒಪ್ಪಂದ ಸುಲಭವಾಗಲಿಲ್ಲ. ತಮ್ಮ ಪಡಸಾಲೆಯಲ್ಲೂ ಅಡುಗೆಮನೆಯಲ್ಲೂ ಒಂದೊಂದು ಇರಲಿ ಅಂದ. ಬಿದ್ದರೆ ತಿಳಿಯಬೇಕಲ್ಲ ಎನ್ನುವುದು ಅವನ ವಾದ, ತಳ್ಳಿಹಾಕುವಂಥದ್ದಲ್ಲ. ಅವ್ವ ಅಷ್ಟೂ ಕೇಳಿ, “ತಂತಿ ಅಂದ್ರ ನಿಮ್ಮ ಸುದ್ದಿ ನನಗ ತರೂದು ಅಂತ ತಿಳಿದಿದ್ದೆ. ನನ್ನ ಸುದ್ದಿ ನಿಮಗ ಒಯ್ಯೂದಂತ ಗೊತ್ತಿರಲಿಲ್ಲ” ಅಂದಳು. ನೂರಾ ಎಪ್ಪತ್ತು ವರ್ಷದ ಚರಿತ್ರೆಯಲ್ಲಿ ದಿಕ್ಕು ಬದಲಾದದ್ದನ್ನು ನಾನು ಅಷ್ಟು ಚುಟುಕಾಗಿ ಎಲ್ಲೂ ಓದಿಲ್ಲ. ಟೆಲಿಗ್ರಾಂ ಕಳಿಸುವವನಿಗೆ ಪದದ ಲೆಕ್ಕವಿತ್ತು, ಫೋನಿನವನಿಗೆ ನಿಮಿಷದ ಲೆಕ್ಕ. ಏನು ಹೇಳಬೇಕು, ಏನು ಬಿಡಬೇಕು ಎನ್ನುವುದು ಅವರ ಕೈಯಲ್ಲಿತ್ತು. ಕ್ಯಾಮೆರಾದ ತಂತಿ ಆರಿಸಿ ಒಯ್ಯುವುದಿಲ್ಲ.

ಕೊನೆಗೆ ಅವ್ವ ತಾನೇ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಗೇಟಿಗೆ ಕ್ಯಾಮೆರಾ, ಆಗಬಹುದು. ಮಂಚದ ತಲೆದಿಂಬಿನ ಬಳಿ ಒಂದು ಗುಂಡಿ, ಒತ್ತಿದರೆ ಪಕ್ಕದ ಮನೆಯಲ್ಲಿ ಗಂಟೆ. ಇದು ಹನ್ನೆರಡು ವೋಲ್ಟಿನ ಕೆಲಸ, ಪಕ್ಕದವರೂ ಒಪ್ಪಿದರು. ಬಚ್ಚಲಲ್ಲಿ ಅಂಥದ್ದೇ ಇನ್ನೊಂದು, ನೆಲದಿಂದ ಒಂದೇ ಅಡಿ ಎತ್ತರಕ್ಕೆ; ಬಿದ್ದವಳ ಕೈಗೆ ಎಟುಕಬೇಕಲ್ಲ ಅಂದಳು. ನಕ್ಷೆ ಬರೆದವರಿಗೆ ಹೊಳೆದಿರಲಿಲ್ಲ. ಕರೆಗಂಟೆ ಬಾರಿಸಿದರೆ ಪಡಸಾಲೆಯಲ್ಲಿ ಒಂದು ದೀಪವೂ ಮಿನುಗಬೇಕು, ಕಿವಿ ಮಂದ. ಅಡುಗೆಮನೆಗೆ ಏನೂ ಬೇಡ.

ಅಡುಗೆಮನೆಗೂ ಖಾಲಿ ಪೈಪೊಂದನ್ನು ಹಾಕಿಸಿದ್ದೇನೆ, ಅವಳಿಗೆ ಹೇಳಿಯೇ. “ಇರ್ಲಿ, ಮುಂದ ಇರಾವ್ರಿಗೆ ಬೇಕಾದೀತು” ಅಂದಳು. ಹೋದ ವಾರ ಸ್ಲ್ಯಾಬ್ ಬಿತ್ತು. ಗಾರೆಗೆ ಮುಂಚೆ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಟ್ಟಿದ್ದೇವೆ, ಪೈಪು ಎಲ್ಲಿ ಹೋಗಿದೆ ಎಂದು ಆಮೇಲೆ ಗೋಡೆಯನ್ನು ಬಡಿದು ಹುಡುಕಬಾರದಲ್ಲ. ಟೇಪಿನ ಒಂದು ತುದಿ ಹಿಡಿದವಳು ಅವ್ವನೇ. ಮಾಳಿಗೆಯಿಂದ ಬರುವ ಪೈಪುಗಳ ಬಾಯಿಯನ್ನು ಕೆಳಮುಖವಾಗಿ ಬಾಗಿಸಿದ್ದೇವೆ, ಮಳೆ ನೀರು ಇಳಿಯದ ಹಾಗೆ.