ಸ್ಮಾರಕಶಿಲೆಗಳ ದಾಖಲಾತಿ: ವಂಡ್ಸೆ ಸೀಮೆಯಿಂದ ಒಂದು ನೋಟ

ಇಂಗ್ಲೆಂಡಿನ ಹಳ್ಳಿಯ ಇಗರ್ಜಿಯ ಅಂಗಳದಲ್ಲಿರುವ ಗೋರಿಗಲ್ಲು, ಕನ್ನಡ ನಾಡಿನ ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು ಇವೆಲ್ಲವೂ ಅಳಿದವರ ನೆನಪನ್ನು ಉಳಿಸುವ ಒಂದೇ ಆಶಯದ ಬೇರೆ ಬೇರೆ ರೂಪಗಳು. ಆದರೆ ಇವುಗಳ ದಾಖಲಾತಿಗೆ ಸಂದ ಗೌರವ ಮಾತ್ರ ಒಂದೇ ತೆರನಾಗಿಲ್ಲ.

ಚಕ್ರಾ ನದಿಯ ಸೀಮೆಯಾದ ವಂಡ್ಸೆ ಹೋಬಳಿಯನ್ನೇ ನೋಡಬಹುದು. ಬ್ರಿಟಿಷರ ಆಳ್ವಿಕೆಯಲ್ಲಿ ಕುಂದಾಪುರ ತಾಲೂಕು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಮೈಸೂರು ಹಾಗೂ ಕೊಡಗುಗಳಿಗೆ ಸೀಮಿತವಾದುದರಿಂದ ಘಟ್ಟದ ಮೇಲಿನ ಶಾಸನಗಳಿಗೆ ಪಾಠದೊಂದಿಗೆ ಅನುವಾದವೂ ದೊರೆಯಿತು. ದಕ್ಷಿಣ ಕನ್ನಡದ ಅನೇಕ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ 7 ಮತ್ತು 9ನೆಯ ಸಂಪುಟಗಳಲ್ಲಿ ಮುಖ್ಯವಾಗಿ ಮೂಲಪಾಠವಾಗಿಯೇ ಬಂದವು. ಅದೇ ಮದ್ರಾಸ್ ಪ್ರಾಂತದ ಗೋರಿಬರಹಗಳ ಪಟ್ಟಿಯನ್ನು ಜೆ. ಜೆ. ಕಾಟನ್ 1905ರಲ್ಲಿ ಪ್ರಕಟಿಸಿದಾಗ, ಬರಹದ ಜೊತೆಗೆ ಮಡಿದವರ ಜೀವನವಿವರಗಳನ್ನೂ ಕೊಟ್ಟರು. ನಮ್ಮ ಸ್ಮಾರಕಶಿಲೆಗಳೂ ಬೇಡುವುದು ಇಂತಹ ಮನುಷ್ಯಕೇಂದ್ರಿತ ದೃಷ್ಟಿಯನ್ನೇ.

ಈ ದೃಷ್ಟಿಯ ಫಲವೇನೆಂಬುದಕ್ಕೆ ಉಡುಪಿಯ ಬಳಿಯ ಉದ್ಯಾವರ ಸಾಕ್ಷಿ. ಅಲ್ಲಿಯ ವೀರಗಲ್ಲುಗಳನ್ನು ಹುಲ್ಷ್ ಅವರು 'ಎಪಿಗ್ರಾಫಿಯ ಇಂಡಿಕ'ದ 9ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅವು ಮುಖ್ಯವಾಗಿ ಹೇಳುವುದು ಒಡೆಯನಿಗಾಗಿ ಕಾದಿ ಮಡಿದ ಆಳುಗಳ ಮಾತನ್ನು. ಆದರೆ ಆಳುಪ ಮನೆತನದ ಒಳಜಗಳದ ಚಿತ್ರ ನಮಗೆ ದೊರೆತುದು ಆ ಸಾಮಾನ್ಯರ ಕಲ್ಲುಗಳಿಂದಲೇ. ಪ್ರಶಸ್ತಿಗಳು ಮರೆಮಾಚಬಹುದಾದುದನ್ನು ಸ್ಮಾರಕಗಳು ಹೇಳಿಬಿಡುತ್ತವೆ.

ಒಮ್ಮೆ ಓದಿದ ಮಾತ್ರಕ್ಕೆ ಕೆಲಸ ಮುಗಿಯದೆಂಬುದನ್ನು ಶ್ರವಣಬೆಳಗೊಳ ಕಲಿಸುತ್ತದೆ. ಅಲ್ಲಿಯ ಚಿಕ್ಕಬೆಟ್ಟದ ಬಂಡೆಗಳಲ್ಲಿ ಸಲ್ಲೇಖನದಿಂದ ಮುಡಿಪಿದ ಮುನಿಗಳ ಹಾಗೂ ಕಂತಿಯರ ನಿಸಿದಿಗಳು ಹೇರಳವಾಗಿವೆ. ರೈಸ್ ಅವರ 1889ರ ಸಂಪುಟದಲ್ಲಿ ಶ್ರವಣಬೆಳಗೊಳದ ಶಾಸನಗಳು 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 500; 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಮರಳಿ ನೋಡುವವರಿಗೆ ಕಲ್ಲು ಮರಳಿ ಮಾತನಾಡುತ್ತದೆ.

ಕರಾವಳಿಯಲ್ಲಿ ಈ ಮರುನೋಟಕ್ಕೆ ಅವಸರವೂ ಇದೆ. ಮುಂಗಾರಿನ ಬಿರುಮಳೆಗೆ ಅಕ್ಷರ ಸವೆಯುತ್ತದೆ, ಪಾಚಿ ಕವಿಯುತ್ತದೆ, ಗದ್ದೆ ತೋಟವಾದಾಗ, ರಸ್ತೆ ಅಗಲವಾದಾಗ ಕಲ್ಲು ನೆಲೆ ತಪ್ಪುತ್ತದೆ. ಆದುದರಿಂದ ವಂಡ್ಸೆಯಂತಹ ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡುವವರು ಬರಹವಿರುವ ಕಲ್ಲನ್ನಷ್ಟೇ ಅರಸಬಾರದು. ಕಲ್ಲಿನ ಜಾತಿ, ಅಳತೆ, ಮುಖವಿರುವ ದಿಕ್ಕು, ಶಿಲ್ಪದ ಪಟ್ಟಿಕೆಗಳು, ಊರವರು ಅದನ್ನು ಕರೆಯುವ ಹೆಸರು, ಸಲ್ಲಿಸುವ ಪೂಜೆ ಎಲ್ಲವೂ ದಾಖಲೆಗೆ ಸೇರಬೇಕು. ಓರೆಬೆಳಕಿನಲ್ಲಿ ಛಾಯಾಚಿತ್ರ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಸುಣ್ಣ ಬಳಿಯುವ, ಗೀರುವ ಅಗತ್ಯವಿಲ್ಲ. ನೆಲೆಯನ್ನು ಗುರುತಿಸದೆ ಕಲ್ಲನ್ನು ಸಾಗಿಸಿದರೆ, ಹೆಸರು ಉಳಿದರೂ ಆ ಹೆಸರಿನ ಊರು ಅಳಿಯುತ್ತದೆ.