ಎಪ್ಸಂ ಉಪ್ಪಿನೊಳಗಿನ ನೀರು

ಲಂಡನ್ನಿನ ನೈಋತ್ಯಕ್ಕಿರುವ ಸರ್ರೆ ಸೀಮೆಯ ಊರು ಎಪ್ಸಂ. 1618ರ ಬರಗಾಲದಲ್ಲಿ ಹೆನ್ರಿ ವಿಕರ್ ಎಂಬ ದನಗಾಹಿ ಅಲ್ಲಿನ ಹುಲ್ಲುಗಾವಲಿನ ಹೊಂಡಕ್ಕೆ ದನಗಳನ್ನು ಹೊಡೆದುಕೊಂಡು ಹೋದನಂತೆ; ಬಾಯಾರಿದ್ದರೂ ಅವು ನೀರಿಗೆ ಮೂತಿ ಇಡಲಿಲ್ಲವಂತೆ. ದನದ ಕತೆ ಊರವರ ಬಾಯಲ್ಲಿ ಉಳಿದು ಬಂದದ್ದು. ನೀರಿನ ಕಹಿಗೆ ಮಾತ್ರ ಬೇಕಾದಷ್ಟು ಸಾಕ್ಷಿಯಿದೆ. ಅದನ್ನು ಕುಡಿದರೆ ಭೇದಿಯಾಗುತ್ತದೆಂದು ತಿಳಿದ ಲಂಡನ್ನಿನ ಜನ ಹೊಟ್ಟೆ ತೊಳೆದುಕೊಳ್ಳಲು ಅಲ್ಲಿಗೆ ಬರತೊಡಗಿದರು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1667ರಲ್ಲಿ ಬಂದು ನಾಲ್ಕು ಪೈಂಟ್ ಕುಡಿದು, ಫಲ ಚೆನ್ನಾಗಿಯೇ ಆಯಿತೆಂದು ಬರೆದಿಟ್ಟಿದ್ದಾನೆ.

ಗಿಡಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರಾದ ವೈದ್ಯ ನೆಹೆಮಾಯ ಗ್ರೂ, 1695ರಲ್ಲಿ ಈ ಕಹಿ ಉಪ್ಪಿನ ಬಗ್ಗೆ ಲ್ಯಾಟಿನ್‌ನಲ್ಲಿ ಪುಸ್ತಕ ಬರೆದ. ಉಪ್ಪನ್ನು ನೀರಿನಿಂದ ಬೇರ್ಪಡಿಸಿ ಮಾರಬಹುದು ಎಂದಾದ ಮೇಲೆ ಅದಕ್ಕಾಗಿ ಎಪ್ಸಂವರೆಗೆ ಹೋಗುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಬುಗ್ಗೆಯ ವೈಭವ ಇಳಿಯಿತು, ಹೆಸರು ಮಾತ್ರ ಲೋಕ ಸುತ್ತಿತು. ಇಂದು ಅಂಗಡಿಯಲ್ಲಿ ಸಿಗುವ ಎಪ್ಸಂ ಸಾಲ್ಟ್‌ಗೂ ಆ ಊರಿಗೂ ಹೆಸರಿನದಷ್ಟೇ ನಂಟು.

ಆದರೆ ಈ ಹೆಸರು ಒಂದು ದೊಡ್ಡ ಸಂಗತಿಯನ್ನು ಹೇಳುವುದೇ ಇಲ್ಲ. ಕೈಗೆ ಒಣಗಿದಂತೆ ತೋರುವ ಈ ಹರಳಿನ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬರೀ ನೀರು: ಒಂದು ಮೆಗ್ನೀಸಿಯಂ ಸಲ್ಫೇಟಿಗೆ ಏಳು ಅಣು. ಖನಿಜಶಾಸ್ತ್ರದಲ್ಲಿ ಇದು ಎಪ್ಸೊಮೈಟ್. ಉಗುರಿಗೆ ಗೀಚಿಸಿಕೊಳ್ಳುವಷ್ಟು ಮೆದು. ಒಣಗಾಳಿಯಲ್ಲಿ ಒಂದು ಅಣು ನೀರು ಬಿಟ್ಟುಕೊಟ್ಟು, ಹೊಳಪು ಕಳೆದುಕೊಂಡು ಹೆಕ್ಸಾಹೈಡ್ರೈಟ್ ಆಗುತ್ತದೆ. ಒಂದೇ ಅಣು ನೀರಿದ್ದರೆ ಅದು ಕೀಸರೈಟ್. ಹನ್ನೊಂದಿದ್ದರೆ ಮೆರಿಡಿಯಾನೈಟ್, 2007ರಲ್ಲಿ ಇಟ್ಟ ಈ ಹೆಸರು ಮಂಗಳಗ್ರಹದ ಮೆರಿಡಿಯಾನಿ ಬಯಲಿನದು.

ನೀರಿನ ಈ ಲೆಕ್ಕ ರೈತನ ಜೇಬಿಗೂ ತಾಗುತ್ತದೆ. ಎಪ್ಸಂ ಸಾಲ್ಟ್‌ನಲ್ಲಿ ಮೆಗ್ನೀಸಿಯಂ ಸುಮಾರು ಶೇ. 10, ಶುದ್ಧ ಕೀಸರೈಟ್‌ನಲ್ಲಿ ಶೇ. 17ಕ್ಕೂ ಹೆಚ್ಚು. ಎರಡೂ ಮೆಗ್ನೀಸಿಯಂ ಸಲ್ಫೇಟೇ. ಆದ್ದರಿಂದ ಚೀಲದ ಮೇಲಿನ ಹೆಸರಿಗಿಂತ ಶೇಕಡಾವಾರನ್ನು ಮೊದಲು ಓದಬೇಕು. ಎಲೆಯ ಹಸಿರಿನ ಪ್ರತಿ ಅಣುವಿನ ನಡುವೆ ಕೂತಿರುವುದು ಮೆಗ್ನೀಸಿಯಂ. ಅದು ಸಾಲದಾದಾಗ ಗಿಡ ಹಳೆಯ ಎಲೆಗಳಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಳೆಯ ಎಲೆಯ ನರ ಹಸಿರಾಗಿಯೇ ಉಳಿದು, ನರಗಳ ನಡುವೆ ಹಳದಿ ಏರುತ್ತದೆ. ಹತ್ತಿಯಲ್ಲಿ ಎಲೆ ಕೆಂಪಾಗುತ್ತದೆ. ಅದಕ್ಕೆ ಎಪ್ಸಂ ಸಾಲ್ಟನ್ನು ಲೀಟರ್ ನೀರಿಗೆ 10 ಗ್ರಾಂನಂತೆ ಕರಗಿಸಿ ಸಿಂಪಡಿಸುವುದು ಉತ್ತರ ಕರ್ನಾಟಕದ ಹತ್ತಿ ಹೊಲಗಳಲ್ಲಿ ರೂಢಿ.

ಹೆರಿಗೆ ವಾರ್ಡಿನಲ್ಲಿ ಇದೇ ಉಪ್ಪು ‘ಮ್ಯಾಗ್‌ಸಲ್ಫ್’. ಬಸುರಿಗೆ ರಕ್ತದೊತ್ತಡ ಏರಿ ಬರುವ ಅಪಸ್ಮಾರದಂಥ ಸೆಳೆತ, ಅಂದರೆ ಎಕ್ಲಾಂಪ್ಸಿಯಾ, ತಾಯಿಯ ಜೀವಕ್ಕೇ ಎರವಾಗಬಲ್ಲದು. ಅದನ್ನು ತಡೆಯುವ ಮೊದಲ ಮದ್ದು ಇದು. ಪ್ರಮಾಣ ಮೀರಿದರೆ ಉಸಿರೇ ನಿಲ್ಲಬಹುದಾದ್ದರಿಂದ, ಮುಂದಿನ ಡೋಸ್ ಕೊಡುವ ಮುನ್ನ ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿ ಕಾಲು ಚಿಮ್ಮುತ್ತದೆಯೇ ಎಂದು ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಮೂತ್ರ ಅಳೆಯುತ್ತಾರೆ. ವಿಷವೇರಿದರೆ ಇಳಿಸಲು ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲೇ ಇರುತ್ತದೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ ‘ಮ್ಯಾಗ್‌ಪೈ’ ಅಧ್ಯಯನದ ಫಲಿತಾಂಶ 2002ರಲ್ಲಿ ಹೊರಬಂತು: ಈ ಮದ್ದು ಪಡೆದವರಲ್ಲಿ ಸೆಳೆತದ ಅಪಾಯ ಅರ್ಧಕ್ಕಿಂತ ಕೆಳಗಿಳಿದಿತ್ತು.